ಇಡ್ಲಿ ಹಿಟ್ಟಿನ 16ಎಸ್ ಡೇಟಾ: ಕೈಮೆರಾ ತೆಗೆದರೆ ರೀಡ್‌ಗಳೇ ಖಾಲಿ

ಹುಳಿಹಿಟ್ಟು:
ಮೂರು ದಿನದಿಂದ ಇದೇ ಕೆಲಸ, ಸಾಕಾಗಿದೆ. ರಾತ್ರಿಯಿಡೀ ಇಟ್ಟು, ಮುಚ್ಚಳ ತಳ್ಳುವಷ್ಟು ಉಬ್ಬಿದ ಇಡ್ಲಿ ಹಿಟ್ಟಿನಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇವೆ ಅಂತ 16ಎಸ್ ಜೀನ್ (ಬ್ಯಾಕ್ಟೀರಿಯಾ ಗುರುತು ಹಿಡಿಯಲು ಓದುವ ಜೀನ್) ಓದಿಸಿ ನೋಡಬೇಕು, ಅಷ್ಟೆ. ಡಾಡಾ2 ಸಾಫ್ಟ್‌ವೇರ್‌ನಲ್ಲಿ ಫಿಲ್ಟರ್ ಸರಿ, ಎರಡು ತುದಿಯ ರೀಡ್ ಜೋಡಿಸುವ ಮರ್ಜ್ ಸರಿ. ಕೈಮೆರಾ (ಎರಡು ಬ್ಯಾಕ್ಟೀರಿಯಾದ ತುಂಡು ಸೇರಿ ಆದ ಸುಳ್ಳು ಸೀಕ್ವೆನ್ಸ್) ತೆಗೆದ ಕೂಡಲೇ 48,000 ರೀಡ್ (ಮಷಿನ್ ಓದಿದ ಡಿಎನ್‌ಎ ತುಂಡು) 9,000ಕ್ಕೆ ಇಳಿಯುತ್ತದೆ. ಎಲ್ಲ ಸ್ಯಾಂಪಲ್‌ಗೂ ಇದೇ ಗತಿ. ಡೇಟಾ ಕ್ಲೀನ್ ಆಗಿಯೇ ಬಂದಿದೆ. ಏನು ಮಾಡಲಿ?

ರಾತ್ರಿಪಾಳಿ:
ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸುವ ಹಂತ) ಎಷ್ಟು ಸೈಕಲ್?

ಹುಳಿಹಿಟ್ಟು:
35.

ರಾತ್ರಿಪಾಳಿ:
ಅಲ್ಲೇ ಇದೆ ನೋಡಿ. ಅರ್ಧಕ್ಕೆ ನಿಂತ ತುಂಡು ಮುಂದಿನ ಸೈಕಲ್‌ನಲ್ಲಿ ಬೇರೆ ಬ್ಯಾಕ್ಟೀರಿಯಾದ ಡಿಎನ್‌ಎಗೆ ಅಂಟಿಕೊಂಡು ಬೆಳೆಯುತ್ತದೆ. ಹಿಟ್ಟಿನಲ್ಲಿ ಲ್ಯುಕೊನೊಸ್ಟಾಕ್, ಲ್ಯಾಕ್ಟೊಬ್ಯಾಸಿಲಸ್ ತರಹ ನೆಂಟರೇ ಜಾಸ್ತಿ, ಅಂಟುವುದು ಸುಲಭ. 25 ಸೈಕಲ್‌ಗೆ ಇಳಿಸಿ ಮತ್ತೆ ಮಾಡಿ.

ಹುಳಿಹಿಟ್ಟು:
ಮತ್ತೆ ಸೀಕ್ವೆನ್ಸ್ ಮಾಡಿಸೋಕೆ ದುಡ್ಡಿಲ್ಲ ಸರ್.

ಬೆಂಚು4:
ಸುಮ್ನೆ 97% ಒಟಿಯು ಮಾಡಿ (ಅಷ್ಟು ಹೋಲುವ ಸೀಕ್ವೆನ್ಸ್‌ಗಳನ್ನು ಒಂದು ಗುಂಪಿಗೆ ಸೇರಿಸಿ) ಮುಗಿಸಿ.

ರಾತ್ರಿಪಾಳಿ:
ಗುಂಪು ಮಾಡಿದರೆ ಕೈಮೆರಾ ಹೋಗಿಬಿಡುತ್ತದಾ? ಹೊಸ ಜಾತಿಯ ಹಾಗೆ ಕೂತು ವೈವಿಧ್ಯ ಸುಳ್ಳೇ ಏರುತ್ತದೆ. ಸೈಕಲ್ ಇಳಿಸಲೇಬೇಕು.

ಬೆಂಚು4:
ಆ ದಾರಿಯಲ್ಲೂ ಕೈಮೆರಾ ತೆಗೆಯುವ ಹಂತ ಇದೆ, ಇಲ್ಲ ಅಂದೆನಾ?

ಬೇರುಮಣ್ಣು:
ಅದಿರಲಿ. ಹುಳಿಹಿಟ್ಟು ಅವರೇ, ಪ್ರೈಮರ್ (ಪಿಸಿಆರ್ ನಕಲು ಶುರು ಮಾಡುವ ಗಿಡ್ಡ ಡಿಎನ್‌ಎ ತುಂಡು) ತೆಗೆದಿದ್ದೀರಾ? ರೀಡ್‌ಗಳಿರುವ ಫಾಸ್ಟ್‌ಕ್ಯೂ ಫೈಲ್ ತೆರೆದು, ರೀಡ್ ಹೇಗೆ ಶುರುವಾಗುತ್ತವೆ ಹೇಳಿ.

ಹುಳಿಹಿಟ್ಟು:
ಅಡಾಪ್ಟರ್ ತೆಗೆದೇ ಕೊಟ್ಟಿದ್ದಾರೆ ಮೇಡಂ. ಎಲ್ಲಾ ರೀಡ್ ಸಿಸಿಟಿಎಸಿಜಿಜಿಜಿ ಅಂತಲೇ ಶುರು. ಒಂಬತ್ತನೇ ಅಕ್ಷರ ಒಂದೊಂದರಲ್ಲಿ ಒಂದೊಂದು.

ಬೇರುಮಣ್ಣು:
ಸಿಕ್ಕಿತು. ಅದು 341ಎಫ್ ಪ್ರೈಮರ್. ಅಡಾಪ್ಟರ್ (ಸೀಕ್ವೆನ್ಸ್ ಮಷಿನ್‌ಗಾಗಿ ಅಂಟಿಸುವ ತುದಿ) ಬೇರೆ, ಪ್ರೈಮರ್ ಬೇರೆ. ಒಂಬತ್ತನೆಯದು ಎನ್, ಅಂದರೆ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ (ಬೇಸ್) ಯಾವುದಾದರೂ ಬರಬಹುದು. ಹಾಗಾಗಿ ಒಂದೇ ಬ್ಯಾಕ್ಟೀರಿಯಾ ಡಾಡಾ2 ಕಣ್ಣಿಗೆ ಹಲವು ಸೀಕ್ವೆನ್ಸ್. ಒಂದರ ತಲೆ, ಇನ್ನೊಂದರ ಬಾಲ ಸೇರಿದ ಹಾಗೆ ಕಂಡರೆ ಕೈಮೆರಾ ಅಂತ ಎಸೆಯುತ್ತದೆ. ಇನ್ನೊಂದು ತುದಿಯ ಪ್ರೈಮರ್ 805ಆರ್ ಆಗಿದ್ದರೆ ಟ್ರಿಮ್‌ಲೆಫ್ಟ್ (ರೀಡ್‌ನ ಶುರುವಿನಿಂದ ಕತ್ತರಿಸುವ ಬೇಸ್‌ಗಳ ಸಂಖ್ಯೆ) 17, 21 ಕೊಡಿ. ಫಿಲ್ಟರ್‌ನಿಂದಲೇ ಮತ್ತೆ ಶುರು ಮಾಡಿ.

ಹುಳಿಹಿಟ್ಟು:
805ಆರ್ ಹೌದು. ಈಗ 41,000 ಉಳಿಯಿತು! ತುಂಬಾ ಥ್ಯಾಂಕ್ಸ್ ಮೇಡಂ. ಲ್ಯುಕೊನೊಸ್ಟಾಕ್ ಎಲ್ಲಕ್ಕಿಂತ ಜಾಸ್ತಿ ಇದೆ. ಆದರೆ ಪಟ್ಟಿಯಲ್ಲಿ ಕ್ಲೋರೊಪ್ಲಾಸ್ಟ್ ಎಲ್ಲಿಂದ ಬಂತು?

ಬೇರುಮಣ್ಣು:
ಅಕ್ಕಿ, ಉದ್ದಿನಬೇಳೆಯದು. ಕ್ಲೋರೊಪ್ಲಾಸ್ಟ್‌ನಲ್ಲೂ 16ಎಸ್ ಜೀನ್ ಇದೆ, ಪ್ರೈಮರ್ ಅದನ್ನೂ ಹಿಡಿಯುತ್ತದೆ. ಮೈಟೊಕಾಂಡ್ರಿಯಾವನ್ನೂ ಅದನ್ನೂ ತೆಗೆದ ಮೇಲೆ ಶ್ಯಾನನ್ (ವೈವಿಧ್ಯದ ಅಳತೆ) ಲೆಕ್ಕ ಹಾಕಿ.

ರಾತ್ರಿಪಾಳಿ:
ಆದರೂ 35 ಜಾಸ್ತಿಯೇ. ಮುಂದಿನ ಸಲ ಒಂದೇ ಹಿಟ್ಟಿಗೆ 25ರದ್ದೊಂದು, 35ರದ್ದೊಂದು ಮಾಡಿಸಿ, ಎರಡೂ ಇಲ್ಲಿ ಹಾಕಿ.