ಮಾಲ್ಟ್ ಕಾಳನ್ನು ಬಿಸಿನೀರಲ್ಲಿ ತೊಳೆದರೆ ಬಿಯರ್ ಒಗರಾಗುತ್ತಾ?

ಕೋಲಾರದ ಹುಡುಗ: ನಾನು ಒಂದು ಸಲಕ್ಕೆ 8 ಲೀಟರ್ ಅಷ್ಟೇ ಮಾಡೋದು. 2 ಕಿಲೋ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 6 ಲೀಟರ್ ನೀರು, 66 ಡಿಗ್ರಿಯಲ್ಲಿ ಒಂದು ಗಂಟೆ ನೆನೆಸಿ ರಸ ಬಸಿಯುತ್ತೇನೆ. ಮೊದಲ ಸಲ, ಬಸಿದ ಮೇಲೆ ಕಾಳಲ್ಲಿ ಉಳಿದ ಸಿಹಿಯನ್ನು ನೀರು ಹಾಕಿ ತೊಳೆದು ತೆಗೆಯದೆ, ಬಸಿದ ರಸಕ್ಕೇ ನೀರು ಸೇರಿಸಿದೆ. ಹೈಡ್ರೋಮೀಟರ್ (ರಸದ ಸಾಂದ್ರತೆ ಅಳೆಯೋದು; ನೀರಿಗೆ 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಹೆಚ್ಚು) 1.038 ತೋರಿಸಿತು. ಈ ಸಲ ಕುದಿಯುವ ಬೋರ್‌ವೆಲ್ ನೀರು ಸುರಿದು ತೊಳೆದೆ. 1.050 ಬಂತು, ಆದರೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ತುಂಬಾ ಬೇಜಾರಾಯಿತು. ತೊಳೆಯೋದೇ ಬೇಡ್ವಾ?

ಮಾಲೂರು ಮನೆ: ತೊಳೆಯಿರಿ, ಬಿಡಬೇಡಿ. 2 ಕಿಲೋ ಕಾಳು ಸುಮಾರು 2 ಲೀಟರ್ ಸಿಹಿ ರಸ ಹಿಡಿದುಕೊಂಡಿರುತ್ತದೆ. ತಪ್ಪಾಗಿದ್ದು ನೀರಿನಲ್ಲಿ. ನಮ್ಮ ಕಡೆ ಬೋರ್ ನೀರು ಗಡಸು, ಕ್ಷಾರ ಜಾಸ್ತಿ. ಅದು ಜೊತೆಗೆ ಕುದಿಯುವಷ್ಟು ಬಿಸಿ ಇದ್ದರೆ ಸಿಪ್ಪೆಯ ಟ್ಯಾನಿನ್ ಬಿಡುತ್ತದೆ, ಅದೇ ಒಗರು. ಆರ್‌ಒ ನೀರು ತನ್ನಿ. 75 ಡಿಗ್ರಿ ಸಾಕು, 77 ದಾಟಬೇಡಿ. 4 ಲೀಟರ್ ಹಾಕಿ, ಕಲಕಿ, 10 ನಿಮಿಷ ಬಿಟ್ಟು ನಿಧಾನ ಬಸಿಯಿರಿ. ಮೊದಲು ಬರುವ ಕಲಕು ರಸವನ್ನು ವಾಪಸ್ ಕಾಳಿನ ಮೇಲೇ ಸುರಿಯಿರಿ.

ಬಂಗಾರಪೇಟೆ: ಕಾಳು ಬಟ್ಟೆ ಚೀಲದಲ್ಲಿದ್ದರೆ ಹಿಂಡಬಹುದು, ನಾನು ಹಿಂಡುತ್ತೇನೆ, ಒಗರು ಬಂದಿಲ್ಲ. ಬಸಿಯುವ ರಸ 1.010ಕ್ಕೆ ಇಳಿದರೆ ನಿಲ್ಲಿಸಿ.

ಕೋಲಾರದ ಹುಡುಗ: ಆರ್‌ಒ ನೀರಲ್ಲೇ, 75 ಡಿಗ್ರಿಯಲ್ಲಿ ತೊಳೆದೆ. 1.049! ಕುದಿಸೋಕೆ ಮುಂಚೆ ರಸ ರುಚಿ ನೋಡಿದೆ, ಸಿಹಿ ಮಾತ್ರ, ಒಗರು ಒಂಚೂರೂ ಇಲ್ಲ. ಕಾಳು ಪಕ್ಕದ ಮನೆ ಹಸುವಿಗೆ ಹೋಯಿತು. ಇಬ್ಬರಿಗೂ ಥ್ಯಾಂಕ್ಸ್ ಅಣ್ಣ.