ದೊಡ್ಡ ಜಾಂಬೂರಿಗೆ ಮಕ್ಕಳನ್ನು ಕರೆದೊಯ್ಯುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ? ಹೋಗಿ ಬಂದವರ ಅನುಭವ

ಕೇಳಿದವರು: ಮೊದಲ ಸಲ ಹೊರಟಿರುವ ಸ್ಕೌಟ್ ಮಾಸ್ಟರ್

ಒಂಬತ್ತು ಮಕ್ಕಳ ಒಂದು ಚಿಕ್ಕ ತಂಡ ಕಟ್ಟಿಕೊಂಡು ದೊಡ್ಡ ಜಾಂಬೂರಿಗೆ, ಅಂದರೆ ಸ್ಕೌಟ್‌ಗಳ ಮಹಾಶಿಬಿರಕ್ಕೆ ಹೊರಟಿದ್ದೇನೆ. ಹತ್ತಾರು ಸಾವಿರ ಮಕ್ಕಳು ಸೇರುತ್ತಾರೆ, ಹನ್ನೆರಡು ದಿನ ಟೆಂಟಿನಲ್ಲೇ ವಾಸ. ಪೋಷಕರ ಸಭೆ ಎರಡು ಪಾಲಾಯಿತು. ಅರ್ಧ ಜನ "ಹಗ್ಗ, ಬಂಡೆ, ನೀರು ಯಾವುದೂ ಬೇಡ, ಕ್ಷೇಮವಾಗಿ ವಾಪಸ್ ಬಂದರೆ ಸಾಕು" ಅನ್ನುತ್ತಾರೆ. ಉಳಿದವರು "ಇಷ್ಟು ದುಡ್ಡು ಕಟ್ಟಿ ಟೆಂಟಿನಲ್ಲಿ ಕೂರಿಸುವುದಕ್ಕಾ?" ಎಂದು ಕೇಳುತ್ತಾರೆ. ಇಬ್ಬರು ಮಕ್ಕಳ ಮನೆಗೆ ಶುಲ್ಕವೇ ಭಾರ. ಸಾಹಸ, ಸುರಕ್ಷತೆ, ಖರ್ಚು ಇವುಗಳಲ್ಲಿ ಯಾವುದನ್ನು ಎಷ್ಟು ಬಿಟ್ಟುಕೊಡುವುದು?

ಮೂರು ದೊಡ್ಡ ಶಿಬಿರಗಳಿಗೆ ದಳ ಕರೆದೊಯ್ದವರು

ಒಂದು ಮಧ್ಯಾಹ್ನದ ವಿಷಯ ಹೇಳುತ್ತೇನೆ. ನಲ್ಲಿ ಮುಂದೆ ಉದ್ದದ ಸಾಲು, ನೆತ್ತಿ ಮೇಲೆ ಸೂರ್ಯ. ನಮ್ಮ ದಳದ ಹದಿನಾಲ್ಕರ ಹುಡುಗ ಎರಡು ಕೈಯಲ್ಲೂ ಖಾಲಿ ಕ್ಯಾನ್ ಹಿಡಿದು ನಿಂತಿದ್ದ. ಒಂದು ಕ್ಯಾನ್ ಜಾರಿ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ, ಅದನ್ನೇ ನೋಡುತ್ತ ನಿಂತ. ಹತ್ತಿರ ಹೋಗಿ "ಇವತ್ತು ಯಾವ ವಾರ?" ಅಂದೆ. ನಕ್ಕ, ಉತ್ತರ ಬರಲಿಲ್ಲ. ಬಿಸಿಲು ಬಡಿದಿದೆ ಎಂದು ತಿಳಿಯಲು ಅಷ್ಟೇ ಸಾಕಾಗಿತ್ತು. ನೆರಳಿಗೆ ಎಳೆದುಕೊಂಡು ಅಂಗಿ ಬಿಚ್ಚಿ, ಮೈಮೇಲೆಲ್ಲ ನೀರು ಸುರಿದು, ಕತ್ತು ಮತ್ತು ಕಂಕುಳಿಗೆ ಒದ್ದೆ ಟವೆಲ್ ಒತ್ತಿ, ರಟ್ಟಿನಿಂದ ಗಾಳಿ ಹಾಕುತ್ತಲೇ ಇದ್ದೆವು, ವೈದ್ಯಕೀಯ ತಂಡ ಬರುವವರೆಗೆ. ಸಂಜೆಗೆ ಸರಿಹೋದ.

ಅದೇ ಹುಡುಗ ಅವತ್ತು ಬೆಳಗ್ಗೆ ಹತ್ತುವ ಗೋಡೆಯ ತುದಿ ಮುಟ್ಟಿ ಬಂದಿದ್ದ. ಅಲ್ಲಿ ಅವನ ಸೊಂಟದ ಪಟ್ಟಿಯನ್ನು ಒಬ್ಬರು ಬಿಗಿದರು, ಇನ್ನೊಬ್ಬರು ಎಳೆದು ನೋಡಿದರು, ಗಂಟನ್ನು ಅವನ ಜೊತೆಗಾರ ಪರೀಕ್ಷಿಸಿದ. ಗೋಡೆಯ ಹತ್ತಿರ ಅವನ ಮೇಲೆ ಮೂರು ಜೊತೆ ಕಣ್ಣಿದ್ದವು. ನಲ್ಲಿ ಸಾಲಿನಲ್ಲಿ ಒಂದೂ ಇರಲಿಲ್ಲ. ನಿಮ್ಮ ಪೋಷಕರು ಹೆದರುತ್ತಿರುವುದು ತಪ್ಪು ಜಾಗಕ್ಕೆ.

ಹಿಂದೆ ಆದದ್ದೂ ಇದನ್ನೇ ಹೇಳುತ್ತದೆ. 2005ರಲ್ಲಿ ಅಮೆರಿಕದ ರಾಷ್ಟ್ರೀಯ ಜಾಂಬೂರಿ ವರ್ಜೀನಿಯಾದ ಫೋರ್ಟ್ ಎ.ಪಿ. ಹಿಲ್‌ನಲ್ಲಿ ನಡೆಯಿತು. ಅಲ್ಲಿ ತೀರಿಕೊಂಡ ನಾಲ್ವರು ಹಿರಿಯ ನಾಯಕರು ಯಾವ ಸಾಹಸವನ್ನೂ ಮಾಡುತ್ತಿರಲಿಲ್ಲ. ದೊಡ್ಡ ಟೆಂಟ್ ನಿಲ್ಲಿಸುವಾಗ ಅದರ ಕಂಬ ಮೇಲಿನ ವಿದ್ಯುತ್ ತಂತಿಗೆ ತಾಗಿತು. ಎರಡು ದಿನ ಬಿಟ್ಟು, ಅಮೆರಿಕದ ಅಧ್ಯಕ್ಷರ ಕಾರ್ಯಕ್ರಮಕ್ಕೆ ಬಿಸಿಲಿನಲ್ಲಿ ಕಾಯುತ್ತಿದ್ದ ಸುಮಾರು 300 ಜನ ಅಸ್ವಸ್ಥರಾದರು.

2023ರಲ್ಲಿ ದಕ್ಷಿಣ ಕೊರಿಯಾದ ಸೇಮಾನ್‌ಗಮ್‌ನಲ್ಲಿ ನಡೆದ 25ನೇ ವಿಶ್ವ ಜಾಂಬೂರಿ ನಿಮಗೆ ನೆನಪಿರಬಹುದು. ಸಮುದ್ರವನ್ನು ಹಿಂದೆ ಸರಿಸಿ ಮಾಡಿದ ಬಯಲು, ಮರದ ನೆರಳಿಲ್ಲ, ನೀರು ಇಂಗದ ನೆಲ, 35 ಡಿಗ್ರಿ ಆಸುಪಾಸಿನ ಆಗಸ್ಟ್ ಬಿಸಿಲು, ಸುಮಾರು 43,000 ಜನ. ನೂರಾರು ಮಂದಿಗೆ ಬಿಸಿಲು ಬಡಿಯಿತು, ಶೌಚಾಲಯಗಳ ಸ್ಥಿತಿ ಕೆಟ್ಟಿತು. ಬ್ರಿಟನ್, ಅಮೆರಿಕ, ಸಿಂಗಪುರದ ತಂಡಗಳು ಮೊದಲೇ ಹೊರಟವು. ಆಮೇಲೆ ಖಾನುನ್ ಚಂಡಮಾರುತದ ಭಯಕ್ಕೆ ಆಗಸ್ಟ್ 8ರಂದು ಎಲ್ಲರನ್ನೂ ಸ್ಥಳಾಂತರಿಸಿದರು. ಆ ಶಿಬಿರವನ್ನು ಕೆಡಿಸಿದ್ದು ನೆರಳು, ನೀರು, ನೆಲ. ಹಗ್ಗವೂ ಅಲ್ಲ, ಬಂಡೆಯೂ ಅಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ಸಾಹಸವನ್ನು ಕತ್ತರಿಸಬೇಡಿ. ಹತ್ತುವ ಗೋಡೆಯ ಹತ್ತಿರ ಇದ್ದ ಎಚ್ಚರವನ್ನು ಶಿಬಿರದ ದಿನಚರಿಗೂ ತನ್ನಿ. ಟೆಂಟ್ ಹಾಕುವ ಮೊದಲು ತಲೆ ಎತ್ತಿ ತಂತಿ ಇದೆಯಾ, ಒಣ ಕೊಂಬೆ ಇದೆಯಾ ನೋಡಿ. ಟೆಂಟಿನೊಳಗೆ ಒಲೆ, ಇದ್ದಿಲು ಯಾವ ಚಳಿಗೂ ಬೇಡ, ವಿಷಗಾಳಿ ಗೊತ್ತಾಗದ ಹಾಗೆ ಕೊಲ್ಲುತ್ತದೆ. ಗುಡುಗು ಕೇಳಿದರೆ ಗಟ್ಟಿ ಕಟ್ಟಡ ಅಥವಾ ಬಸ್ಸಿನೊಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಬರುವಂತಿಲ್ಲ. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು, ಅದಕ್ಕೆ ಹೊರಡುವ ಮುಂಚೆಯೇ ದಿನಾ ಸ್ವಲ್ಪ ಹೊತ್ತು ಹೊರಗೆ ನಡೆಸಿ.

ಒಬ್ಬರೇ ಒಂಬತ್ತು ಮಕ್ಕಳ ಮೇಲೆ ಕಣ್ಣಿಡಲು ಆಗುವುದಿಲ್ಲ. ವಿಶ್ವ ಜಾಂಬೂರಿಯ ಒಂದೊಂದು ಯೂನಿಟ್‌ನಲ್ಲೂ, ಅಂದರೆ ತಂಡದಲ್ಲೂ, 36 ಮಕ್ಕಳಿಗೆ 4 ಹಿರಿಯರು ಮಾತ್ರ. ಜೋಡಿ ಮಾಡಿ ಬಿಡಿ, ಶೌಚಾಲಯಕ್ಕೂ ಜೋಡಿಯಾಗಿಯೇ ಹೋಗಲಿ. ಒಂಬತ್ತನೆಯವರನ್ನು ಯಾವುದಾದರೂ ಜೋಡಿಗೆ ಸೇರಿಸಿ ಮೂವರ ಗುಂಪು ಮಾಡಿ.

ಇಬ್ಬರು ಮಕ್ಕಳನ್ನು ಕಳಿಸಿದ ತಾಯಿ

ಖರ್ಚಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮನ್ನು ಸುಸ್ತು ಮಾಡಿದ್ದು ಶುಲ್ಕಕ್ಕಿಂತ ಅದರ ಬೆನ್ನಿಗೆ ಬಂದ ಪಟ್ಟಿ: ಬ್ಯಾಗು, ಮಲಗುವ ಚೀಲ, ಮಳೆ ಕೋಟು, ಶೂ. ಮೊದಲನೆಯವನಿಗೆ ಎಲ್ಲ ಹೊಸದು ಕೊಂಡೆ. ಎರಡನೆಯವಳ ಹೊತ್ತಿಗೆ ಬುದ್ಧಿ ಬಂತು. ಬ್ಯಾಗು, ಚೀಲ, ಟೆಂಟು ಹಳೆಯ ಸ್ಕೌಟ್‌ಗಳಿಂದ ಎರವಲು ತಂದೆವು. ಶೂ ಮಾತ್ರ ಹೊಸದು, ಅದೂ ಎರಡು ತಿಂಗಳು ಮುಂಚೆ, ಕಾಲಿಗೆ ಒಗ್ಗಲಿ ಅಂತ. ಹೆಲ್ಮೆಟ್, ಹಗ್ಗ, ಸೊಂಟದ ಪಟ್ಟಿ ಇವನ್ನು ಯಾರ ಹತ್ತಿರವೂ ಹಳೆಯದು ತರಬೇಡಿ, ಒಳಗೆ ಎಷ್ಟು ಪೆಟ್ಟು ತಿಂದಿದೆಯೋ ಕಣ್ಣಿಗೆ ಕಾಣುವುದಿಲ್ಲ.

ವಿಮೆಯಲ್ಲಿ ಉಳಿಸಲು ಹೋಗಬೇಡಿ. ಪತ್ರ ಪೂರ್ತಿ ಓದಿ. ಹತ್ತುವುದು, ದೋಣಿ ಇಂಥವನ್ನು ಹೊರಗಿಟ್ಟ ವಿಮೆಗಳಿವೆ. ಶಿಬಿರ ಅರ್ಧಕ್ಕೆ ನಿಂತರೆ ವಸತಿ ಯಾರದು, ಟಿಕೆಟ್ ಬದಲಾವಣೆ ಯಾರದು ಎಂದು ಬರಹದಲ್ಲಿ ಕೇಳಿ. ಸೇಮಾನ್‌ಗಮ್‌ನಿಂದ ಹೊರಬಂದ ಬ್ರಿಟನ್ ತಂಡದಲ್ಲಿ ಸುಮಾರು 4,500 ಜನ ಇದ್ದರು. ಅವರ ಹೋಟೆಲ್ ವಾಸಕ್ಕೇ ಬ್ರಿಟನ್ನಿನ ಸ್ಕೌಟ್ ಸಂಸ್ಥೆ ತನ್ನ ಮೀಸಲು ನಿಧಿಯಿಂದ 10 ಲಕ್ಷ ಪೌಂಡ್‌ಗೂ ಹೆಚ್ಚು ತೆತ್ತಿತು. ನಿಧಿ ಇದ್ದದ್ದಕ್ಕೆ ಮಕ್ಕಳಿಗೆ ಸೂರು ಸಿಕ್ಕಿತು. ನಿಮ್ಮ ಒಂಬತ್ತು ಮಕ್ಕಳಿಗೂ ಸಣ್ಣದೊಂದು ಆಪದ್ಧನ ಇರಲಿ, ಅದಕ್ಕೆ ಯಾರೂ ಕೈ ಹಾಕಬಾರದು.

ಆ ಇಬ್ಬರು ಮಕ್ಕಳ ವಿಷಯ ಕೇಳಿ ಸಂಕಟವಾಯಿತು. ಅವರ ಹೆಸರು ಹೇಳಿ ಚಂದಾ ಎತ್ತಬೇಡಿ, ಹದಿನಾಲ್ಕರ ವಯಸ್ಸಿಗೆ ಅದು ಆರದ ಗಾಯ. ಒಂಬತ್ತೂ ಮಕ್ಕಳು ಸೇರಿ ಕೆಲಸ ಮಾಡಿ ದುಡಿದ ಹಣ ಒಂದೇ ಡಬ್ಬಿಗೆ ಬೀಳಲಿ, ಅದು ಎಲ್ಲರ ಶುಲ್ಕಕ್ಕೂ ಸಮವಾಗಿ ಹೋಗಲಿ. ವಿಶ್ವ ಜಾಂಬೂರಿಯಲ್ಲೂ ದೇಶಗಳ ಆದಾಯ ನೋಡಿ ಶುಲ್ಕವನ್ನು ನಾಲ್ಕು ದರ್ಜೆ ಮಾಡುತ್ತಾರೆ. ನಿಮ್ಮ ಸಂಘಟಕರಲ್ಲಿ ಅಂಥ ರಿಯಾಯಿತಿ ಇದೆಯಾ ಎಂದು ಈಗಲೇ ಬರೆದು ಕೇಳಿ.

ಹದಿನೈದರಲ್ಲಿ ಹೋಗಿ ಬಂದವಳು, ಈಗ ಸ್ವಯಂಸೇವಕಿ

ದೊಡ್ಡವರಿಗೆ ಒಂದು ವಿಷಯ ಗೊತ್ತಿಲ್ಲ ಅನ್ನಿಸುತ್ತೆ. ನಾವು ಕಾಯಿಲೆ ಮುಚ್ಚಿಡ್ತೀವಿ. ನನಗೆ ಹಿಮ್ಮಡಿಯಲ್ಲಿ ದೊಡ್ಡ ಗುಳ್ಳೆ ಎದ್ದು ಒಡೆದು, ಸಾಕ್ಸ್ ಅಂಟಿಕೊಂಡಿತ್ತು. ಎರಡು ದಿನ ಹೇಳಲಿಲ್ಲ. ಹೇಳಿದ್ರೆ ಜಿಪ್‌ಲೈನ್, ಅಂದ್ರೆ ತಂತಿಗೆ ನೇತಾಡಿ ಜಾರೋ ಆಟದ ಸರದಿ ತಪ್ಪುತ್ತೆ ಅನ್ನೋ ಭಯ. ಕೊನೆಗೆ ಕುಂಟ್ತಾ ಕುಂಟ್ತಾ ಆಸ್ಪತ್ರೆ ಟೆಂಟಿಗೆ ಹೋದೆ, ಸರದಿ ಹೇಗೂ ತಪ್ಪಿತು. ಅದಕ್ಕೆ ಮೊದಲ ದಿನವೇ ಮಕ್ಕಳಿಗೆ ಮಾತು ಕೊಡಿ: ಹೇಳಿದವರ ಸರದಿ ಹೋಗಲ್ಲ, ಬೇರೆ ದಿನ ಸಿಗುತ್ತೆ. ಕೊಟ್ಟ ಮೇಲೆ ನಡೆಸಿ.

ಯಾವ ಸಾಹಸ ಅಂತ ಮಕ್ಕಳೇ ಆರಿಸಲಿ. ಹನ್ನೆರಡು ದಿನದಲ್ಲಿ ಎಲ್ಲದಕ್ಕೂ ಓಡಿದ್ರೆ ಸಾಲಲ್ಲೇ ಕಾಲ ಕಳೆಯುತ್ತೆ. ಪ್ರತಿಯೊಬ್ಬರೂ ಎರಡು ಬರೀಲಿ, ಒಂದು ಖಂಡಿತ ಸಿಗೋ ಹಾಗೆ ಮಾಡಿ. ಎತ್ತರಕ್ಕೆ ಹೆದರೋ ಹುಡುಗಿ "ಬೇಡ" ಅಂದ್ರೆ ಯಾರೂ ಅವಳನ್ನ ಹಂಗಿಸಬಾರದು. ಬೇರೆ ದೇಶದ ಅಪರಿಚಿತರ ಟೆಂಟ್ ಮುಂದೆ ಹೋಗಿ ಬ್ಯಾಡ್ಜ್ ಅದಲುಬದಲು ಮಾಡೋದೂ ಅವಳಿಗೆ ಸಾಹಸವೇ. ನನಗೆ ಇವತ್ತಿಗೂ ನೆನಪಿರೋದು ಅದೇ.

ಶಿಬಿರಗಳಲ್ಲಿ ಕೆಲಸ ಮಾಡಿದ ನರ್ಸ್

ಚುಟುಕಾಗಿ. ಪ್ರತಿ ಮಗುವಿನ ಅಲರ್ಜಿ, ದಿನದ ಮಾತ್ರೆ, ತುರ್ತು ಫೋನ್ ನಂಬರ್ ಒಂದು ಕಾಗದದಲ್ಲಿ ಬರೆದು ನಿಮ್ಮ ಜೇಬಿನಲ್ಲಿಡಿ. ಫೋನಿನಲ್ಲಿ ಮಾತ್ರ ಸಾಲದು, ಚಾರ್ಜ್ ಮುಗಿಯುತ್ತದೆ. ನೀರಿನ ಬಾಟಲಿ, ಲೋಟ, ಚಮಚ ಯಾರದ್ದು ಅವರಿಗೇ. 2015ರ ಜಪಾನಿನ ವಿಶ್ವ ಜಾಂಬೂರಿಗೆ ಹೋಗಿ ಬಂದವರ ನಡುವೆ ಸ್ಕಾಟ್ಲೆಂಡ್ ಮತ್ತು ಸ್ವೀಡನ್‌ನಲ್ಲಿ ಮೆನಿಂಜೊಕಾಕಲ್ ಸೋಂಕು (ಮೆದುಳಿನ ಪೊರೆಗೆ, ರಕ್ತಕ್ಕೆ ತಗಲುವ ಅಪಾಯಕಾರಿ ಸೋಂಕು) ಕಾಣಿಸಿಕೊಂಡಿತ್ತು, ಆ ರೋಗಾಣುವಿನ ಡಬ್ಲ್ಯು ಗುಂಪಿನದು. ಆ ಗುಂಪಿಗೂ ಸೇರಿ ಲಸಿಕೆ ಇದೆ, ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿ. ಮನೆಗೆ ಬಂದ ಮೇಲೂ ಜ್ವರ, ಕತ್ತು ಬಿಗಿತ, ಒತ್ತಿದರೂ ಮಾಸದ ಕಲೆ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಮೂತ್ರದ ಬಣ್ಣ ಗಾಢವಾದರೆ ನೀರು ಸಾಲದು ಎಂದು ಅರ್ಥ. ಇದನ್ನು ನಾಚಿಕೆ ಬಿಟ್ಟು ಮಕ್ಕಳಿಗೆ ಹೇಳಿಕೊಡಿ.

ಇನ್ನೊಂದು. ಮಕ್ಕಳನ್ನು ಕಿರುಕುಳದಿಂದ ಕಾಪಾಡುವುದು ಹೇಗೆಂದು ಕಲಿಸುವ, ವಿಶ್ವ ಸ್ಕೌಟ್ ಸಂಸ್ಥೆಯ ಸೇಫ್ ಫ್ರಮ್ ಹಾರ್ಮ್ ತರಬೇತಿಯನ್ನು ಜೊತೆಗೆ ಬರುವ ಹಿರಿಯರೆಲ್ಲ ಮುಗಿಸಿರಲಿ. ದೊಡ್ಡವರೊಬ್ಬರು ಒಂದು ಮಗುವಿನ ಜೊತೆ ಮುಚ್ಚಿದ ಟೆಂಟಿನಲ್ಲಿ ಇರುವಂತಿಲ್ಲ, ಅದು ನೀವಾದರೂ ಸರಿ.

ಒಬ್ಬ ತಂದೆ

ಮೇಲಿನವರ ಮಾತು ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಸಾಹಸ ಕತ್ತರಿಸಬೇಡಿ ಅಂದರೆ ಕಂಡದ್ದಕ್ಕೆಲ್ಲ ಹತ್ತಿಸಿ ಎಂದಲ್ಲ. ನಾವು ಹೋದ ಒಂದು ಶಿಬಿರದಲ್ಲಿ ತೆಪ್ಪದ ಹತ್ತಿರ ಲೈಫ್ ಜಾಕೆಟ್ ಕಡಿಮೆ ಇತ್ತು. "ಇಬ್ಬರು ಹೇಗೂ ಈಜುತ್ತಾರಲ್ಲ" ಅಂದರು. ನಮ್ಮ ನಾಯಕಿ ಆರು ಮಕ್ಕಳನ್ನೂ ಇಳಿಸಿಕೊಂಡು ವಾಪಸ್ ಬಂದರು. ಮಕ್ಕಳು ಅತ್ತರು, ನನ್ನ ಮಗನೂ ಅತ್ತ. ಆಕೆಗೆ ನಾನು ಇವತ್ತಿಗೂ ಋಣಿ.

ಮತ್ತೆ ಸ್ಕೌಟ್ ಮಾಸ್ಟರ್

ಎಲ್ಲರಿಗೂ ನಮಸ್ಕಾರ. ಪೋಷಕರ ಮುಂದೆ ನಲ್ಲಿ ಸಾಲಿನ ಹುಡುಗನ ಕಥೆಯನ್ನೇ ಓದುತ್ತೇನೆ. ಹೊಸ ಬ್ಯಾಗಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ನೆರಳಿನ ದೊಡ್ಡ ಬಟ್ಟೆ, ನಾಲ್ಕು ನೀರಿನ ಕ್ಯಾನ್ ಬರುತ್ತವೆ. ಉಳಿದದ್ದು ಆಪದ್ಧನ. ಭಾನುವಾರ ಒಂಬತ್ತೂ ಮಕ್ಕಳನ್ನು ಮೈದಾನಕ್ಕೆ ಕರೆದು ಟೆಂಟ್ ಹಾಕಿಸಿ, ಒಂದು ರಾತ್ರಿ ಅಲ್ಲೇ ಮಲಗಿಸುತ್ತೇನೆ. ನೆರಳಿನ ಬಟ್ಟೆ ಗಾಳಿಗೆ ಹಾರದ ಹಾಗೆ ಕಟ್ಟುವ ಗಂಟು ಯಾವುದು, ಯಾರಾದರೂ ಅಷ್ಟರೊಳಗೆ ಹೇಳುತ್ತೀರಾ?

ಮೂರು ದೊಡ್ಡ ಶಿಬಿರಗಳಿಗೆ ದಳ ಕರೆದೊಯ್ದವರು

ಬಟ್ಟೆಯ ಮೂಲೆಗೆ ಬೋಲೈನ್ (ಜಾರದ ಕುಣಿಕೆ ಗಂಟು), ಗೂಟದ ಕಡೆ ಟಾಟ್‌ಲೈನ್ ಹಿಚ್ (ಹಗ್ಗದ ಮೇಲೆ ಸರಿಸಬಹುದಾದ ಗಂಟು). ಮಳೆಗೆ ಹಗ್ಗ ಬಿಗಿದರೆ ಗಂಟನ್ನು ಸರಿಸಿ ಸಡಿಲಿಸಬಹುದು. ಒಂದು ಮಗ್ಗುಲನ್ನು ತಗ್ಗಿಸಿ ಕಟ್ಟಿ, ನೀರು ಬಟ್ಟೆಯ ಮೇಲೆ ನಿಲ್ಲದೆ ಇಳಿದುಹೋಗಲಿ.