ಫ್ರಿಸ್ಕೋಗೆ ಮನೆ ಸಾಗಿಸುವವರಿಗೆ: ಎತ್ತರ, ಹಿಮ ಮತ್ತು ಒಣಹವೆಯ ಬಗ್ಗೆ ಅಲ್ಲಿ ಬಾಳಿದವರ ಅನುಭವ

ಪ್ರಶ್ನೆ: ನಮ್ಮ ಯಜಮಾನರಿಗೆ ಅಮೆರಿಕದ ಕೊಲೊರಾಡೋ ರಾಜ್ಯದ ಸಮ್ಮಿಟ್ ಕೌಂಟಿಯ ಫ್ರಿಸ್ಕೋ ಊರಿನಲ್ಲಿ ಕೆಲಸ ದೊರೆತಿದೆ. ನವೆಂಬರ್‌ನಲ್ಲಿ ಐದು ವರ್ಷದ ಮಗನೊಂದಿಗೆ ಬೆಂಗಳೂರಿನಿಂದ ಹೊರಡುತ್ತಿದ್ದೇವೆ. ಅಲ್ಲಿನ ಚಳಿಗೆ ಯಾವ ಸಿದ್ಧತೆ ಬೇಕು, ವಯಸ್ಸಾದ ಅತ್ತೆಯವರನ್ನು ಯಾವಾಗ ಕರೆಸಿಕೊಳ್ಳಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ, ಪಕ್ಕದ ಡಿಲನ್‌ನಲ್ಲಿ ನೆಲೆಸಿರುವವರಿಂದ:

ಸಹೋದರಿ, ನಮಸ್ಕಾರ. ನೀವು ಚಳಿಯ ಬಗ್ಗೆ ಕೇಳಿದ್ದೀರಿ, ಆದರೆ ನಾನು ಮೊದಲು ಎತ್ತರದ ಬಗ್ಗೆ ಹೇಳಬೇಕು, ಏಕೆಂದರೆ ಚಳಿಯನ್ನು ಬಟ್ಟೆಯಿಂದ ತಡೆಯಬಹುದು, ಎತ್ತರಕ್ಕೆ ದೇಹವೇ ಒಗ್ಗಿಕೊಳ್ಳಬೇಕು. ಫ್ರಿಸ್ಕೋ ಸಮುದ್ರಮಟ್ಟದಿಂದ ಸುಮಾರು 2,770 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ 800 ಮೀಟರಿನಷ್ಟು ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇಕಡ 72ರಷ್ಟು ಮಾತ್ರ, ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆ. ಮೊದಲ ಕೆಲವು ದಿನ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ವಿಮಾನ ಇಳಿದ ದಿನವೇ ಮೇಲೆ ಹತ್ತದೆ, 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಒಂದೆರಡು ರಾತ್ರಿ ತಂಗಿ ಬನ್ನಿ. ಆದರೆ ಸುಮ್ಮನೆ ಕುಳಿತಿರುವಾಗಲೂ ಏದುಸಿರು ಬಂದರೆ ಅಥವಾ ನಡೆಯುವಾಗ ತೂರಾಡುವಂತಾದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮಗುವಿನ ವಿಷಯದಲ್ಲಿ ಇನ್ನೊಂದು ಮಾತು, ಇದನ್ನು ನಮ್ಮವರು ಯಾರೂ ಮೊದಲೇ ಹೇಳುವುದಿಲ್ಲ. ಎತ್ತರದ ಊರಿಗೆ ಒಗ್ಗಿಕೊಂಡ ಮಕ್ಕಳು ರಜೆಗೆ ತಗ್ಗಿನ ಊರಿಗೆ ಹೋಗಿ ಮರಳಿ ಬಂದಾಗ, ವಿಶೇಷವಾಗಿ ನೆಗಡಿಯಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ತೊಂದರೆ ಕಾಣಿಸಿಕೊಳ್ಳಬಹುದು. ಬೇಸಿಗೆ ರಜೆ ಬೆಂಗಳೂರಿನಲ್ಲಿ ಕಳೆದು ಬರುವ ಮಗುವಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಮರಳಿದ ಮೊದಲ ಕೆಲವು ರಾತ್ರಿ ಅವನ ಉಸಿರಾಟ ಮತ್ತು ಕೆಮ್ಮಿನ ಮೇಲೆ ಗಮನವಿಡಿ, ಊರಿನ ಮಕ್ಕಳ ವೈದ್ಯರನ್ನು ಮೊದಲೇ ಪರಿಚಯ ಮಾಡಿಕೊಳ್ಳಿ.

ಇನ್ನು ಚಳಿ. ಜನವರಿಯಲ್ಲಿ ಡಿಲನ್ನಿನ ಹಗಲು ಸುಮಾರು 0 ಡಿಗ್ರಿ, ರಾತ್ರಿ ಸರಾಸರಿ ಮೈನಸ್ 17 ಡಿಗ್ರಿ ಸೆಲ್ಸಿಯಸ್. ಕೇಳಲು ಭಯವಾದರೂ ಹಗಲು ಬಿಸಿಲು ಚೆನ್ನಾಗಿರುತ್ತದೆ, ಹವೆ ಒಣದಾಗಿರುವುದರಿಂದ ಒದ್ದೆ ಚಳಿಯಂತೆ ಮೂಳೆಗೆ ಇಳಿಯುವುದಿಲ್ಲ. ಸೂರ್ಯ ಬೆಟ್ಟದ ಹಿಂದೆ ಸರಿದೊಡನೆ ಮಾತ್ರ ಉಷ್ಣತೆ ಥಟ್ಟನೆ ಕುಸಿಯುತ್ತದೆ. ಗಾಳಿಯಿಲ್ಲದ ತಿಳಿ ರಾತ್ರಿಗಳಲ್ಲಿ ಭಾರವಾದ ತಣ್ಣನೆಯ ಗಾಳಿ ಇಳಿಜಾರಿನಿಂದ ಜಾರಿ ಕಣಿವೆಯ ತಳದಲ್ಲಿ ನಿಲ್ಲುವುದರಿಂದ, ಬೆಳಗಿನ ಜಾವ ಬೆಟ್ಟದ ಮೇಲಿನ ಮನೆಗಿಂತ ಕೆಳಗಿನ ಮನೆಯೇ ಹೆಚ್ಚು ತಣ್ಣಗಿರುತ್ತದೆ. ಬಾಡಿಗೆ ಮನೆ ನೋಡುವಾಗ ಇದನ್ನು ನೆನಪಿಡಿ, ದಕ್ಷಿಣಕ್ಕೆ ಕಿಟಕಿಗಳಿರುವ ಮನೆಯನ್ನೇ ಆರಿಸಿ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರಗಳು ಮೇಲು, ಮೈಗೆ ತಾಗುವ ಪದರ ಉಣ್ಣೆಯದಾಗಿರಲಿ, ಹತ್ತಿಯದು ಬೇಡ, ಏಕೆಂದರೆ ಹತ್ತಿ ಬೆವರನ್ನು ಹಿಡಿದುಕೊಂಡು ಮೈಯನ್ನು ತಣ್ಣಗಾಗಿಸುತ್ತದೆ. ಬೂಟು ಮತ್ತು ಜಾಕೆಟ್‌ಗಳನ್ನು ಅಲ್ಲಿಯೇ ಕೊಳ್ಳಿ. ಹಿಮ ಬಿಸಿಲನ್ನು ಪ್ರತಿಫಲಿಸುವುದರಿಂದ ಚಳಿಗಾಲದಲ್ಲೂ ಮಗುವಿಗೆ ಸನ್‌ಸ್ಕ್ರೀನ್ ಮತ್ತು ಕಪ್ಪು ಕನ್ನಡಕ ಬೇಕೇ ಬೇಕು. ಮಲಗುವ ಕೋಣೆಯಲ್ಲಿ ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಯಂತ್ರ) ಇಡದಿದ್ದರೆ ಮೂಗಿನಿಂದ ರಕ್ತ ಬರುವುದುಂಟು. ವೀಣೆ ಅಥವಾ ತಂಬೂರಿ ತರುವವರಿದ್ದರೆ ಅದಕ್ಕೂ ತೇವಾಂಶದ ವ್ಯವಸ್ಥೆ ಬೇಕು, ಇಲ್ಲವಾದರೆ ಮರ ಬಿರುಕು ಬಿಡುತ್ತದೆ.

ಉತ್ತರ, ಡೆನ್ವರ್‌ನಿಂದ ಆಗಾಗ ಅಲ್ಲಿಗೆ ಕಾರಿನಲ್ಲಿ ಹೋಗುವವರಿಂದ:

ಮೇಲಿನ ಉತ್ತರಕ್ಕೆ ರಸ್ತೆಯ ವಿಷಯವನ್ನಷ್ಟೇ ಸೇರಿಸುತ್ತೇನೆ. ಡೆನ್ವರ್ ಕಡೆಯಿಂದ ಹೋಗುವ ಐ-70 ಹೆದ್ದಾರಿ 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದ ಮೂಲಕ ಹಾದುಹೋಗುತ್ತದೆ. 1973ರಲ್ಲಿ ತೆರೆದ ಈ ಸುರಂಗ ಖಂಡದ ಜಲವಿಭಜಕ ರೇಖೆಯ, ಅಂದರೆ ನದಿಗಳನ್ನು ಪೂರ್ವಕ್ಕೂ ಪಶ್ಚಿಮಕ್ಕೂ ಬೇರ್ಪಡಿಸುವ ಬೆಟ್ಟಸಾಲಿನ, ಅಡಿಯಲ್ಲಿದೆ, ಆದ್ದರಿಂದ ಒಂದು ಬದಿಯಲ್ಲಿ ಬಿಸಿಲಿದ್ದು ಇನ್ನೊಂದು ಬದಿಯಲ್ಲಿ ಹಿಮ ಸುರಿಯುತ್ತಿರುವುದು ಅಪರೂಪವಲ್ಲ. ಇದೇ ಹೆದ್ದಾರಿಯಲ್ಲಿ ಡೆನ್ವರ್ ಬಳಿಯ ಮಾರಿಸನ್‌ನಿಂದ ಫ್ರಿಸ್ಕೋ ದಾಟಿ ಪಶ್ಚಿಮದ ಡೋಟ್ಸೆರೋವರೆಗೆ, ಸೆಪ್ಟೆಂಬರ್ 1ರಿಂದ ಮೇ 31ರವರೆಗೆ, ಹಿಮದ ರಸ್ತೆಗೆ ತಕ್ಕ ಟೈರ್‌ಗಳ ಬಗೆಗಿನ ನಿಯಮ ಜಾರಿಯಲ್ಲಿರುತ್ತದೆ, ಹೊರಡುವ ಮುನ್ನ ರಾಜ್ಯದ ಸಾರಿಗೆ ಇಲಾಖೆಯ ಸೂಚನೆಯನ್ನು ಓದಿಕೊಳ್ಳಿ. ನಿಜವಾದ ಚಳಿಗಾಲದ ಟೈರ್‌ಗಳನ್ನು ಹಾಕಿಸುವುದೇ ನನ್ನ ಸ್ಪಷ್ಟ ಸಲಹೆ. ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವ ಕಾರು ಏರಲು ನೆರವಾಗುತ್ತದೆ, ಬ್ರೇಕ್ ಹಿಡಿದಾಗ ನಿಲ್ಲಿಸುವುದು ಟೈರ್ ಮಾತ್ರ. 2019ರ ಮಾರ್ಚ್‌ನಲ್ಲಿ ಫ್ರಿಸ್ಕೋ ಸಮೀಪ ಬೆಟ್ಟದ ಹಿಮರಾಶಿ ಕುಸಿದು ಹೆದ್ದಾರಿಗೇ ಬಂದಿತ್ತು, ಆದ್ದರಿಂದ ಕಾರಿನಲ್ಲಿ ಕಂಬಳಿ, ನೀರು, ತಿಂಡಿ, ಸಲಿಕೆ ಇರಲಿ. ಊರೊಳಗೆ ಓಡಾಡಲು ಕೌಂಟಿಯ ಸಮ್ಮಿಟ್ ಸ್ಟೇಜ್ ಬಸ್ ಉಚಿತ, ಹೊಸದರಲ್ಲಿ ಅದನ್ನೇ ಬಳಸಿ.

ಉತ್ತರ, ಅದೇ ಕೌಂಟಿಯ ಬ್ರೆಕೆನ್ರಿಜ್‌ನಲ್ಲಿ ಸಂಸಾರ ನಡೆಸಿದವರಿಂದ:

ಅಡುಗೆಮನೆಯ ಬಗ್ಗೆ ಯಾರೂ ಬರೆದಿಲ್ಲ. ಫ್ರಿಸ್ಕೋದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ನುಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಊರಿನಿಂದ ಒಳ್ಳೆಯ ಕುಕ್ಕರ್ ಮತ್ತು ಎರಡು ಹೆಚ್ಚುವರಿ ಗ್ಯಾಸ್ಕೆಟ್ ತನ್ನಿ. ಕುಕ್ಕರಿನೊಳಗಿನ ಒತ್ತಡವೂ ಹೊರಗಿನ ಗಾಳಿಯ ಮೇಲೆ ನಿಂತಿರುವುದರಿಂದ ಬೇಯಿಸುವ ಸಮಯವನ್ನು ಮೂರನೇ ಒಂದು ಭಾಗದಷ್ಟು ಹೆಚ್ಚಿಸಿ. ದೋಸೆ ಹಿಟ್ಟು ಹುದುಗಲು ಓವನ್ನಿನ ದೀಪವನ್ನಷ್ಟೇ ಹಾಕಿ ಒಳಗಿಡಿ. ಹಿಮ ಬಿದ್ದ ಬೆಳಿಗ್ಗೆ ಹೀಟರಿನ ಹೊಗೆ ಹೊರಹೋಗುವ ಕೊಳವೆ ಮುಚ್ಚಿಹೋಗಿದೆಯೇ ಎಂದು ನೋಡಿ, ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯಿಲ್ಲದ ಮನೆಯಲ್ಲಿ ಒಂದು ರಾತ್ರಿಯೂ ಮಲಗಬೇಡಿ.

ಅತ್ತೆಯವರನ್ನು ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಕರೆಸಿ. ಏಪ್ರಿಲ್ ಮತ್ತು ಮೇ ತಿಂಗಳು ವಸಂತವೆಂದು ನಂಬಿ ಟಿಕೆಟ್ ಮಾಡಿಸಬೇಡಿ, ಆಗ ಹಿಮ ಕರಗಿ ಎಲ್ಲೆಡೆ ಕೆಸರಿರುತ್ತದೆ, ಹೊಸ ಹಿಮವೂ ಬೀಳುತ್ತಿರುತ್ತದೆ. ಜುಲೈನಲ್ಲಿ ಹಗಲು 23 ಡಿಗ್ರಿಯವರೆಗೆ ಹಿತವಾಗಿದ್ದರೂ ರಾತ್ರಿ 3 ಡಿಗ್ರಿಗೆ ಇಳಿಯುವುದರಿಂದ ಅವರ ಸ್ವೆಟರ್, ಕಾಲುಚೀಲ ಕೈಗೆಟಕುವಂತಿರಲಿ. ಜುಲೈ, ಆಗಸ್ಟ್‌ಗಳಲ್ಲಿ ಮಧ್ಯಾಹ್ನ ಗುಡುಗು ಮಿಂಚಿನ ಮಳೆ ಬರುವುದು ವಾಡಿಕೆ, ಅವರ ವಾಯುವಿಹಾರ ಬೆಳಿಗ್ಗೆಯೇ ಮುಗಿಯಲಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಏನಾದರೂ ಇದ್ದರೆ, ಟಿಕೆಟ್ ಕೊಳ್ಳುವ ಮೊದಲೇ ಅವರ ವೈದ್ಯರಿಗೆ ಊರಿನ ಎತ್ತರವನ್ನು ಮೀಟರ್ ಲೆಕ್ಕದಲ್ಲಿ ಹೇಳಿ ಒಪ್ಪಿಗೆ ಪಡೆಯಿರಿ.